ಎದುರು ಬಾಗಿಲಿನ ಹಸಿರು ಫಲಕ

ಛತ್ರಪತಿ ಸಂಭಾಜಿನಗರದಲ್ಲಿ ನಳಕ್ಕೆ ನೀರು ಬರಬೇಕಾಗಿದ್ದೂ ಬಾರದ ಒಂದು ಮುಂಜಾನೆ, ಬೇರೆ ಕೆಲಸವಿಲ್ಲದ್ದರಿಂದ ಇದನ್ನು ಬರೆಯಲು ಕುಳಿತಿದ್ದೇನೆ. ಒಳ್ಳೆಯ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ನಗೆಪಾಟಲಿಗೆ ಈಡಾಗುವುದು ನನ್ನ ಜಾತಕದಲ್ಲಿಯೇ ಇದೆ. ಅರಿಷಡ್ವರ್ಗಗಳಲ್ಲಿ ಕಡೆಯದಾದ ಮಾತ್ಸರ್ಯವು ಧನಕನಕಗಳ ವಿಷಯದಲ್ಲಿ ಹುಟ್ಟುತ್ತದೆಂದು ಓದಿದ್ದೆ. ಕಸ, ಗೊಬ್ಬರ, ಕೈಚೀಲಗಳ ವಿಷಯದಲ್ಲಿಯೂ ಹುಟ್ಟಬಲ್ಲುದೆಂದು ತಿಳಿದದ್ದು ನಾಸಿಕ್ ರೋಡ್ ಎಂಬ ಊರಿನಲ್ಲಿ.

ಎಂಬತ್ತರ ದಶಕದ ಕಡೆಯ ವರ್ಷಗಳು. ನಾನು ಅಲ್ಲಿಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಎರಡೇ: ನೆಲಮಹಡಿಯಲ್ಲಿ ನಮ್ಮದು, ಎದುರಿಗೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವರದು. ಮಹಿಳಾ ಮಂಡಳದ ಅಧ್ಯಕ್ಷೆ, ಎಲ್ಲರೂ ಕಾಕೂ ಎಂದು ಕರೆಯುತ್ತಿದ್ದ ಹಿರಿಯ ಮರಾಠಿ ಹೆಂಗಸು, ಪರಿಸರಕ್ಕೆ ಹಿತವಾಗಿ ಬಾಳುವ ಮನೆಯ ಬಾಗಿಲಿಗೆ ವರ್ಷಕ್ಕೊಮ್ಮೆ ಒಂದು ಹಸಿರು ಮರದ ಫಲಕವನ್ನು ತೂಗುಹಾಕುವ ಪದ್ಧತಿ ತಂದರು. ಮೊದಲ ವರ್ಷ ಅದು ಬ್ಯಾಂಕಿನವರಿಗೆ ಹೋಯಿತು. ನಾನು ಬಾಗಿಲು ತೆರೆದಾಗಲೆಲ್ಲ ಕಾಣುವುದು ಅದೇ. ಆ ಫಲಕ ಈಚೆಯ ಬಾಗಿಲಿಗೆ ಬರಬೇಕೆಂಬುದೇ ನನ್ನ ಐದನೆಯ ಪುರುಷಾರ್ಥವಾಯಿತು.

ಸೂರ್ಯಪಾಕ

ಬ್ಯಾಂಕಿನವರು ಒಂದು ಸೌರ ಕುಕ್ಕರ್ ತಂದರು. ಪೆಟ್ಟಿಗೆ, ಅದರ ಮುಚ್ಚಳಕ್ಕೊಂದು ಕನ್ನಡಿ. ಗಚ್ಚಿಯ, ಅಂದರೆ ತಾರಸಿಯ ಮೇಲೆ ಬಿಸಿಲಿಗಿಟ್ಟರೆ ಗ್ಯಾಸಿಲ್ಲದೆ ಬೇಳೆ ಬೇಯುತ್ತದೆ. ನನ್ನ ಹೆಂಡತಿ ಮೂರು ದಿನ ಆ ಬೇಳೆಯ ವರ್ಣನೆಯನ್ನೇ ಮಾಡಿದಳು. ನಾಲ್ಕನೆಯ ದಿನ ನಾನೂ ಒಂದನ್ನು ತಂದೆ.

ಗಚ್ಚಿಯಲ್ಲಿ ನೀರಿನ ಟಾಕಿಯ ನೆರಳು ಬೀಳದ ಸ್ಥಳ ಒಂದೇ ಇತ್ತು. ಬೆಳಗಾಗುತ್ತಲೇ ಹೋಗಿ ಅದನ್ನು ಆಕ್ರಮಿಸಿದೆ. ಬ್ಯಾಂಕಿನವರು ತಮ್ಮ ಪೆಟ್ಟಿಗೆಯನ್ನು ಟಾಕಿಯ ನೆರಳಿನಲ್ಲಿಟ್ಟು ಕೆಲಸಕ್ಕೆ ಹೋದರು. ಆ ದಿನ ಪಾಠ ಮಾಡುವಾಗಲೂ ನನಗೆ ಕಾಣುತ್ತಿದ್ದುದು ಅವರ ಬೇಯದ ಬೇಳೆಯೇ.

ಮಧ್ಯಾಹ್ನ ಬಂದು ನೋಡಿದರೆ ನನ್ನ ಅಕ್ಕಿ ಅಕ್ಷತೆಯಂತೆ ಬಿಡಿಬಿಡಿಯಾಗಿತ್ತು. ಕನ್ನಡಿಯನ್ನು ಬಾಗಿಸಿ ಬೆಳಕನ್ನು ನಮ್ಮ ಪೆಟ್ಟಿಗೆಯೊಳಕ್ಕೇ ಬೀಳಿಸಬೇಕೆಂಬುದು ನನಗೆ ಗೊತ್ತಿರಲಿಲ್ಲ. ನಾನು ಓರೆಯಾಗಿ ನಿಲ್ಲಿಸಿದ್ದ ಕನ್ನಡಿಯಿಂದ ಬೆಳಕು ಹಾರಿ, ನೆಟ್ಟಗೆ ನೆರಳಿನಲ್ಲಿದ್ದ ಅವರ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಸಂಜೆ ಅವರು ಒಂದು ಬಟ್ಟಲು ತೊವ್ವೆ ಹಿಡಿದು ಬಂದರು.

"ಮಾಸ್ತರ್ರೀ, ನಿಮ್ಮ ಕನ್ನಡಿ ಪುಣ್ಯಾದಿಂದ ಇವತ್ತ ಬ್ಯಾಳಿ ಭಾಳ ಲಗೂನ ಬೆಂದಾವ್ರಿ."

ನಿರ್ಮಾಲ್ಯ

ಪೂಜೆಯ ಬಾಡಿದ ಹೂಗಳನ್ನು ಎಲ್ಲರೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೋದಾವರಿಗೆ ಎಸೆಯುತ್ತಿದ್ದರು. ಬ್ಯಾಂಕಿನವರು ತಮ್ಮ ಹಿತ್ತಲಲ್ಲಿ ಗುಂಡಿ ತೋಡಿ, ಅವನ್ನು ಗೊಬ್ಬರ ಮಾಡತೊಡಗಿದರು. ನಿರ್ಮಾಲ್ಯಕ್ಕೆ ನದಿಯೇ ಗತಿಯೆಂದು ನಾನು ಎರಡು ಶ್ಲೋಕ ಹೇಳಿ ವಾದಿಸಿದೆ. ಅಷ್ಟರಲ್ಲಿ ಅವರ ಗುಲಾಬಿ ಗಿಡಗಳು ಮೈತುಂಬ ಹೂ ಬಿಟ್ಟವು. ಶ್ಲೋಕಗಳಿಂದ ನನ್ನ ಗಿಡದಲ್ಲಿ ಮೊಗ್ಗೂ ಬರಲಿಲ್ಲ.

ಶಾಲೆಗೆ ರಜೆಯಿದ್ದ ಒಂದು ದಿನ, ಅವರು ಬ್ಯಾಂಕಿಗೆ ಹೋಗಿದ್ದ ಹೊತ್ತು ನೋಡಿ, ಬುಟ್ಟಿಯೊಂದಿಗೆ ಅವರ ಹಿತ್ತಲು ಹೊಕ್ಕು ಗೊಬ್ಬರ ತುಂಬಿಕೊಂಡೆ. ತಲೆಯೆತ್ತಿದರೆ ಮೇಲಿನ ಗ್ಯಾಲರಿಯಲ್ಲಿ ಕಾಕೂ ನಿಂತಿದ್ದಾರೆ. ಬುಟ್ಟಿಯಲ್ಲೇನೆಂದು ಮರಾಠಿಯಲ್ಲಿ ಕೇಳಿದರು. ಬಾಯಿಗೆ ಬಂದದ್ದು ನಿರ್ಮಾಲ್ಯವೆಂಬ ಉತ್ತರ. ಅದನ್ನು ನಿಜ ಮಾಡಲು ತುಂಬಿದ ಬುಟ್ಟಿಯನ್ನು ಅವರ ಕಣ್ಣೆದುರೇ ಗುಂಡಿಗೆ ಸುರಿದೆ. ಮಾಸ್ತರರು ಕೊನೆಗೂ ಸುಧಾರಿಸಿದರೆಂದು ಕಾಕೂ ಸಂತೋಷಪಟ್ಟು ಸೊಸೈಟಿಗೆಲ್ಲ ಹೇಳಿದರು.

ಭಾನುವಾರ ಬ್ಯಾಂಕಿನವರು ಕೈಮುಗಿಯುತ್ತ ಬಂದರು. ಇಂಥ ಶ್ರದ್ಧೆಯುಳ್ಳವರು ಸಿಕ್ಕಿದ್ದು ತಮ್ಮ ಭಾಗ್ಯವೆಂದರು. ಆಮೇಲೆ ನನ್ನ ಕೈಗೆ ಒಂದು ಸಲಿಕೆ ಕೊಟ್ಟರು. ಅಂದಿನಿಂದ ವಾರಕ್ಕೊಮ್ಮೆ ಅವರ ಗುಂಡಿಯನ್ನು ಮಗುಚುವ ಸೇವೆ ನನ್ನದಾಯಿತು.

ಕೈಚೀಲ

ಹಳೆಯ ಬಟ್ಟೆಯಿಂದ ಹೊಲಿದ ಚೀಲ ಹಿಡಿದೇ ಬ್ಯಾಂಕಿನವರು ಸಂತೆಗೆ ಹೋಗುತ್ತಿದ್ದರು. ಅದಕ್ಕಿಂತ ದೊಡ್ಡ ಚೀಲ ನಮ್ಮಲ್ಲಿರಬೇಕೆಂದು ಹೆಂಡತಿಗೆ ಹೇಳಿದೆ. ಬಟ್ಟೆ ಯಾವುದೆಂದು ಕೇಳಿದಳು. ಮನೆಯಲ್ಲಿ ಉಪಯೋಗಕ್ಕೆ ಬಾರದೆ ಬಿದ್ದಿರುವುದನ್ನು ಕತ್ತರಿಸೆಂದು ಗಾಂಭೀರ್ಯದಿಂದ ನುಡಿದೆ.

ಮರುದಿನ ಆ ಚೀಲದ ತುಂಬ ಉಳ್ಳಾಗಡ್ಡಿ ಹೊತ್ತು ಬರುವಾಗ ಬ್ಯಾಂಕಿನವರು ಎದುರಾದರು. ಚೀಲವನ್ನು ಬಹಳ ಹೊತ್ತು ನೋಡಿ, ಜರಿಯಂಚನ್ನು ಮುಟ್ಟಿದರು. ನಾನೂ ಆಗಲೇ ಗಮನಿಸಿದ್ದು. ನನ್ನ ವಿದ್ವತ್ತಿಗಾಗಿ ತುಂಬಿದ ಸಭೆಯಲ್ಲಿ ಹೊದಿಸಿದ್ದ ಶಾಲು ಅದು.

"ಸನ್ಮಾನಕ್ಕ ಇಷ್ಟು ಛಲೋ ಉಪಯೋಗ ಐತಿ ಅಂತ ನಮಗ ಹೊಳದೇ ಇರಲಿಲ್ಲ ಬಿಡ್ರಿ" ಎಂದರು. ಅವರ ದನಿಯಲ್ಲಿ ವ್ಯಂಗ್ಯದ ಲೇಶವೂ ಇರಲಿಲ್ಲ. ನನಗೆ ಸಹಿಸಲಾಗದಿದ್ದುದು ಅದೇ.

ತಪಾಸಣೆ

ಮರುವರ್ಷದ ಫಲಕಕ್ಕಾಗಿ ಮಂಡಳದವರು ಮನೆಮನೆ ನೋಡಲು ಬರುವ ದಿನ ಗೊತ್ತಾಯಿತು. ಪ್ಲಾಸ್ಟಿಕ್ ಕಡಿಮೆಯಿರುವ ಮನೆಗೇ ಫಲಕವೆಂದು ಸುದ್ದಿ. ಆ ದಿನ ಮಧ್ಯಾಹ್ನ ಹೆಂಡತಿ ಮಂಡಳದವರೊಂದಿಗೆ ಹೊರಟಿದ್ದಳು. ಬ್ಯಾಂಕಿನವರಿನ್ನೂ ಕೆಲಸದಿಂದ ಬಂದಿರಲಿಲ್ಲ. ನಾನು ಬಕೀಟು, ತಂಬಿಗೆ, ಡಬ್ಬಿ, ಸೋಪಿನ ಪೆಟ್ಟಿಗೆ, ಎಣ್ಣೆಯ ಕ್ಯಾನು, ಹೀಗೆ ನಮ್ಮ ಮನೆಯ ಪ್ಲಾಸ್ಟಿಕ್ಕನ್ನೆಲ್ಲ ಹೊತ್ತು, ಗುಂಡಿ ಮಗುಚಲು ಹೋಗುವಂತೆ ಹೋಗಿ ಎದುರಿನವರ ಹಿತ್ತಲಲ್ಲಿ ರಾಶಿ ಹಾಕಿದೆ. ನಮ್ಮ ಮನೆ ಶುದ್ಧವಾಗುವುದು ಒಂದು ಲಾಭ. ಅವರು ಸಿಕ್ಕಿಬೀಳುವುದು ಇನ್ನೊಂದು. ಎರಡನೆಯದೇ ನನಗೆ ಹೆಚ್ಚು ರುಚಿಸಿತ್ತೆಂದು ಈ ವಯಸ್ಸಿನಲ್ಲಿ ಮುಚ್ಚಿಡುವುದೇಕೆ?

ಮಂಡಳದವರು ಬರುವ ಹೊತ್ತಿಗೆ ಬ್ಯಾಂಕಿನವರೂ ಬಂದರು. ಎಲ್ಲರೂ ಹಿತ್ತಲಿಗೆ ನಡೆದೆವು. ರಾಶಿಯನ್ನು ಕಂಡು ಕಾಕೂ ನಿಂತರು. ಬ್ಯಾಂಕಿನವರು ಬೆಪ್ಪಾಗಿ, ಇದು ತಮ್ಮದಲ್ಲವೆಂದರು.

ಕಾಕೂ ಅವರ ಕಣ್ಣು ತುಂಬಿದವು. ತಮ್ಮದಲ್ಲದ ಪ್ಲಾಸ್ಟಿಕ್ಕನ್ನು ಸೊಸೈಟಿಯಲ್ಲೆಲ್ಲ ಆಯ್ದು ತಂದು, ಗೋದಾವರಿಗೆ ಹೋಗದಂತೆ ತಡೆದಿದ್ದಾರೆ, ನೋಡಿ ಎಂದರು. ಬ್ಯಾಂಕಿನವರು ಅದೂ ತಾವು ಮಾಡಿದ್ದಲ್ಲವೆಂದು ಎರಡು ಬಾರಿ ಹೇಳಿದರು. ಒಂದೊಂದು ಬಾರಿಗೂ ಅವರ ವಿನಯ ಎಲ್ಲರ ಕಣ್ಣಿಗೆ ಮತ್ತಷ್ಟು ದೊಡ್ಡದಾಯಿತು.

ನನ್ನ ಹೆಂಡತಿ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು: "ಆ ಕೆಂಪು ಬಕೀಟು ನಮ್ಮದಲ್ಲೇನ್ರಿ?"

ಕೆಂಪು ಬಕೀಟು ಊರ ತುಂಬ ಇರುತ್ತವೆಯೆಂದೆ.

"ಇರ್ತಾವ. ಹಿಡಿಕಿ ಮುರದಾಗ ನಿಮ್ಮ ಧೋತರದ ಅಂಚು ಹರದು ಕಟ್ಟಿದಾಕಿ ನಾನ ಅಲ್ಲೇನ್ರಿ?"

ನಾನು ಆಕಾಶ ನೋಡಿದೆ. ಅಷ್ಟರಲ್ಲಿ ಕಾಕೂ ಹಳೇ ಸಾಮಾನಿನ ಗಾಡಿಯವನನ್ನು ಕರೆಸಿದ್ದರು. ರಾಶಿಯನ್ನು ಗಾಡಿಗೆ ಹೇರುವಾಗ ನಾಲ್ಕು ಮಾತು ಆಡಲು ವಿದ್ವಾಂಸನೆಂದು ನನ್ನನ್ನೇ ಮುಂದೆ ನಿಲ್ಲಿಸಿದರು. ತ್ಯಾಗದ ಮಹಿಮೆಯನ್ನು ನಾನು ಅಂದು ವರ್ಣಿಸಿದಷ್ಟು ಮನಮುಟ್ಟಿ ಇನ್ನೆಂದೂ ವರ್ಣಿಸಿಲ್ಲ. ನನ್ನ ಹಲ್ಲುಜ್ಜುವ ಬ್ರಶ್ಶು, ಹೆಂಡತಿಯ ಮಸಾಲೆಡಬ್ಬಿ ಒಂದೊಂದಾಗಿ ಗಾಡಿಯೇರುವುದನ್ನು ನೋಡುತ್ತಲೇ ಮಾತನಾಡಿದ್ದೆ. ಫಲಕ ಎದುರು ಬಾಗಿಲಲ್ಲಿಯೇ ಉಳಿಯಿತು.

ಸಿಟ್ಟಿಗೆದ್ದ ಹೆಂಡತಿ ಆಮೇಲೆ ಪ್ಲಾಸ್ಟಿಕ್ ಸಾಮಾನೊಂದನ್ನೂ ಕೊಳ್ಳಗೊಡದೆ ಎಲ್ಲವನ್ನೂ ಹಿತ್ತಾಳೆಯಲ್ಲಿಯೇ ತರಿಸಿದಳು. ಅದರ ಫಲವಾಗಿ ಮುಂದಿನ ವರ್ಷ ಫಲಕ ನಮ್ಮ ಬಾಗಿಲಿಗೆ ಬಂದಿತು. ಬ್ಯಾಂಕಿನವರಿಗೆ ಅದಕ್ಕೆ ಹದಿನೈದು ದಿನ ಮೊದಲೇ ಔರಂಗಾಬಾದಿಗೆ, ಅಂದರೆ ಹೆಸರು ಬದಲಾದ ಈಗಿನ ಈ ಊರಿಗೆ, ವರ್ಗವಾಗಿತ್ತು. ಎದುರು ಬಾಗಿಲಿಗೆ ಬೀಗ ಬಿದ್ದಿತ್ತು. ನಾನು ಒಂದು ವರ್ಷ ಆ ಫಲಕವನ್ನು ಒರೆಸಿದೆ. ನೋಡಿ ಹೊಟ್ಟೆ ಉರಿದುಕೊಳ್ಳುವವರು ಯಾರೂ ಬರಲಿಲ್ಲ. ಮರುವರ್ಷ ನಾನೇ ಅರ್ಜಿ ಹಾಕಿ ಇಲ್ಲಿಗೆ ವರ್ಗ ಮಾಡಿಸಿಕೊಂಡೆ. ಬ್ಯಾಂಕಿನವರ ಎದುರು ಮನೆ ಸಿಗಲಿಲ್ಲ, ಅವರ ಹಿಂದಿನ ಓಣಿಯಲ್ಲಿ ಸಿಕ್ಕಿತು.