ಗವರ್ನರ್ ಸಾಹೇಬರ ಮೂರು ನಿಮಿಷ

ಮೈಕ್ ಕಂಡರೆ ನನಗೆ ಮೈಮೇಲೆ ದೇವರು ಬಂದಂತಾಗುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಸಿಂಗಪುರದಲ್ಲಿ ಹಗಲೆಲ್ಲ ಸಾಫ್ಟ್‌ವೇರ್ ತಿದ್ದುತ್ತೇನಾದರೂ ನಾನು ಬದುಕಿರುವುದು ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಪುಟ್ಟ ಕನ್ನಡ ಕೂಟದ ಸ್ವಾಗತ ಭಾಷಣಗಳಿಗಾಗಿ. ವೇದಿಕೆಯ ಮೇಲಿರುವವರು, ಕೆಳಗಿರುವವರು, ಬರುತ್ತೇನೆಂದು ಬಾರದವರು, ಒಬ್ಬರನ್ನೂ ಬಿಡುವವನಲ್ಲ. "ನೀವು ಮುಗಿಸೋ ಹೊತ್ತಿಗೆ ಬಿಸಿಬೇಳೆಬಾತ್ ಆರಿ ಕಲ್ಲಾಗಿರತ್ತೆ ಕಣ್ರೀ," ಎಂದು ಹೆಂಡತಿ ಸುಮಾ ಬೈಯುವುದುಂಟು.

ಹೀಗಿರುವಾಗ ನಮ್ಮ ಹತ್ತು ವರ್ಷದ ಮಗಳು ಅನಿಕಾ ಶಾಲೆಯಿಂದ ಒಂದು ಚೀಟಿ ತಂದಳು. ಚೀಟಿಯಲ್ಲಿ ಬಂದ ಚಾರಿತ್ರಿಕ ವ್ಯಕ್ತಿಯ ವೇಷ ತೊಟ್ಟು ಅವರ ಜೀವನವನ್ನು ಹೇಳಬೇಕಂತೆ. ಗೆಳತಿಗೆ ಈಜಿಪ್ಟಿನ ರಾಣಿ ಬಂದರೆ, ನಮ್ಮವಳಿಗೆ ಹತ್ತೊಂಬತ್ತನೇ ಶತಮಾನದ ಯಾವನೋ ಅಮೆರಿಕದ ಗಡ್ಡದ ಗವರ್ನರ್! ಹೋದ ಸಲ ಮಾತು ಅರ್ಧಕ್ಕೇ ನಿಂತು ಅತ್ತುಕೊಂಡು ಬಂದಿದ್ದಳು ಪಾಪ. ಈ ಸಲ ಪೂರ್ತಿ ಹೇಳಿ ಮುಗಿಸಲೇಬೇಕೆಂಬ ಹಟ.

"ಅಪ್ಪಾ, ಥ್ರೀ ಮಿನಿಟ್ಸ್ ಅಷ್ಟೇ. ಆಮೇಲೆ ಬೆಲ್ ಹೊಡೀತಾರೆ."

"ಸುಮ್ನಿರು ಪುಟ್ಟಿ, ನಾನಿದೀನಲ್ಲ!"

ಓದುತ್ತಾ ಓದುತ್ತಾ ಆ ಮಹಾನುಭಾವನ ಮೇಲೆ ನನಗೆ ಪ್ರೀತಿಯೇ ಹುಟ್ಟಿಬಿಟ್ಟಿತು. ಮರ ಕೊಯ್ದವನು, ಮೇಷ್ಟ್ರಾದವನು, ವಕೀಲನಾದವನು, ಎರಡು ಚುನಾವಣೆ ಸೋತು ಮೂರನೆಯದರಲ್ಲಿ ಗವರ್ನರ್ ಆದವನು. ಊರೂರಿಗೆ ಶಾಲೆ ಕಟ್ಟಿಸಿ, ಅಧಿಕಾರ ಸಾಕೆಂದು ತೋಟಕ್ಕೆ ಮರಳಿ ಸೇಬು ಬೆಳೆದನಂತೆ. ಅವನ ಎರಡನೆಯ ಸೋಲಿನ ದುಃಖದಲ್ಲಿ ನಾನು ಎಂಆರ್‌ಟಿ ರೈಲಿನಿಂದ ಇಳಿಯುವುದನ್ನೇ ಮರೆತು, ನಮ್ಮ ನಿಲ್ದಾಣ ದಾಟಿ ವುಡ್‌ಲ್ಯಾಂಡ್ಸ್ ತಲುಪಿದ್ದೆ. ಮಗಳಿಗೆ ನಾಲ್ಕು ಪುಟ ಭಾಷಣ ಬರೆದುಕೊಟ್ಟೆ.

ವೇಷದ ದಿನ ನಾನೂ ಸುಮಾಳೂ ತರಗತಿಯ ಹಿಂದಿನ ಸಾಲಿನಲ್ಲಿದ್ದೆವು. ಹತ್ತಿಯ ಗಡ್ಡ, ಸುಮಾ ಮಾಡಿಕೊಟ್ಟ ಕಪ್ಪು ರಟ್ಟಿನ ಟೋಪಿ ತೊಟ್ಟು ಅನಿಕಾ ಶುರುಮಾಡಿದಳು. ಮಾನ್ಯ ಪ್ರಾಂಶುಪಾಲರು, ಗುರುವೃಂದ, ಪೋಷಕರು, ಕ್ಯಾಂಟೀನಿನ ಆಂಟಿ, ಎಲ್ಲರಿಗೂ ನನ್ನ ಲೇಖನಿಯ ಕೃಪೆಯಿಂದ ಇಂಗ್ಲಿಷಿನಲ್ಲಿ ಸ್ವಾಗತ ಸಂದಿತು. ಆಮೇಲೆ ಗವರ್ನರನ ತಾತ ಬಂದ, ಊರು ಬಂತು, ಊರ ಹೊಳೆ ಬಂತು. ಗಡಿಯಾರ ನೋಡುತ್ತೇನೆ, ಎರಡೂವರೆ ನಿಮಿಷ! ಗವರ್ನರನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಟೀಚರ್ ಕೈ ಗಂಟೆಯತ್ತ ಸರಿಯಿತು. ಮಗಳು ನನ್ನತ್ತ ನೋಡಿದಳು. ತುಟಿ ನಡುಗುತ್ತಿತ್ತು. ಅಯ್ಯೋ, ಕೂಸಿನ ಮಾತನ್ನು ನಾನೇ ನುಂಗಿಬಿಟ್ಟೆನಲ್ಲಪ್ಪಾ!

ಅನಿಕಾ ನಾಲ್ಕೂ ಪುಟ ಮಡಚಿ ಟೋಪಿಯೊಳಗೆ ತುರುಕಿದಳು. ಮರ ಕೊಯ್ದೆ, ಪಾಠ ಹೇಳಿದೆ, ಸೋತೆ, ಮತ್ತೆ ಸೋತೆ, ಗೆದ್ದೆ, ಶಾಲೆ ಕಟ್ಟಿಸಿದೆ, ಈಗ ಮನೆಗೆ ಹೋಗಿ ಸೇಬು ತಿಂತೀನಿ ಲಾ, ಎಂದು ಮಾತಿನ ಕೊನೆಗೆ 'ಲಾ' ಹಚ್ಚುವ ಸಿಂಗಪುರದ ಇಂಗ್ಲಿಷಿನಲ್ಲಿ ಪಟಪಟನೆ ಉದುರಿಸಿ ಗಡ್ಡ ಕಿತ್ತಳು. ಆಗ ಗಂಟೆ ಹೊಡೆಯಿತು. ತರಗತಿಯಲ್ಲಿ ಶಿಳ್ಳೆಯೋ ಶಿಳ್ಳೆ! ನಾನಂತೂ ಕುರ್ಚಿಯ ಮೇಲೆ ನಿಂತೇ ಚಪ್ಪಾಳೆ ತಟ್ಟಿದೆ.

ಮರುತಿಂಗಳು ಕೂಟದಲ್ಲಿ, ಇಷ್ಟು ವರ್ಷ ಸ್ವಾಗತ ಕೋರಿದ್ದಕ್ಕಾಗಿ, ನನಗೇ ಸನ್ಮಾನ. ಶಾಲು ಹೊದಿಸಿದರು. ಪರಿಚಯಿಸುವ ಭಾರ ಮಗಳದು. ಮೂರು ಪುಟ ನಾನೇ ಬರೆದುಕೊಟ್ಟಿದ್ದೆ. ಅವಳು ಅವನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟು ಮೈಕಿಗೆ ಬಾಯಿ ಹಚ್ಚಿದಳು. "ನಮ್ಮಪ್ಪ ಹುಟ್ಟಿದ್ರು. ಮೈಕ್ ಸಿಕ್ತು. ಎಲ್ಲರೂ ಊಟಕ್ಕೆ ಬನ್ನಿ ಲಾ!"

ಅಂಥ ಚಪ್ಪಾಳೆ ನನ್ನ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ. ಬಿಸಿಬೇಳೆಬಾತಿನಲ್ಲಿ ಹಬೆಯಾಡುತ್ತಿತ್ತು. ಕಣ್ಣು ತುಂಬಿ ಬಂದು, ಎಲ್ಲರಿಗೂ ವಂದನೆ ಹೇಳೋಣವೆಂದು ಎದ್ದೆ. ಸುಮಾ ಶಾಲಿನ ತುದಿ ಹಿಡಿದೆಳೆದು ಕೂರಿಸಿದಳು.