ಎಡಚಕ್ರಕ್ಕೊಂದು ತಿದ್ದುಪಡಿ

ಎಡಗಡೆಯ ಚಕ್ರ ಹಿಂದಕ್ಕೆ ತಿರುಗಿತು. ಆ ದಿನ ಕೆಟ್ಟದ್ದು ಅಷ್ಟೇ. ಮಿಕ್ಕಿದ್ದೆಲ್ಲ ಅದನ್ನು ಸರಿಮಾಡಲು ಹೋಗಿ ಆದದ್ದು.

ಸ್ಪರ್ಧೆಯ ಸಭಾಂಗಣದಲ್ಲಿ ಬೆಳಗಿನಿಂದಲೇ ಬೆಳಕು ಮಂಕು. ಮೇಜುಗಳ ಸಾಲಿನ ತುದಿಯಲ್ಲಿ, ಕಕ್ಕಸಿನ ಬಾಗಿಲಿಗೆ ತೀರ ಹತ್ತಿರದ ಮೇಜು ಇವರ ಕಾಲೇಜಿಗೆ ಸಿಕ್ಕಿತ್ತು. ಅದರ ಕೆಳಗೆ ಮೊಣಕಾಲೂರಿ ಕೂತಿದ್ದವನನ್ನು ತಂಡದವರು ತಂತಿರಾಯ ಎಂದು ಕರೆಯುತ್ತಿದ್ದರು. ಕಾಲೇಜು ಸೇರಿದಾಗಿನಿಂದ ರೋಬೋಟಿನ ತಂತಿ ಜೋಡಿಸುವುದು ಅವನ ಪಾಲು; ಓಡಿಸುವುದು ಯಾವತ್ತೂ ಬೇರೆಯವರ ಪಾಲು. ತಂಡ ಗೆದ್ದಾಗ ತೆಗೆದ ಪಟಗಳಲ್ಲೆಲ್ಲ ಮೇಜಿನಡಿಯಿಂದ ಹೊರಚಾಚಿದ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಇದು ಅವನ ಕೊನೆಯ ವರ್ಷ. ಓಡಿಸುವ ಹುಡುಗನಿಗೆ ಜ್ವರ ಬಂದಿದ್ದರಿಂದ ರಿಮೋಟು ಇವತ್ತು ಮೊದಲ ಸಲ ಅವನ ಕೈಗೆ ಬರುವುದಿತ್ತು. ಅಮ್ಮ ಕೆಲಸಕ್ಕೆ ರಜೆ ಹಾಕಿ ನೋಡಲು ಬರುವವಳಿದ್ದಳು. ಇಷ್ಟು ವರ್ಷ ತಾನು ಕಾಲೇಜಿನಲ್ಲಿ ಏನು ಮಾಡುತ್ತೇನೆಂದು ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಿರಲಿಲ್ಲ. "ಇವತ್ತು ನಾನೇ ಓಡಿಸೋದು" ಎಂದದ್ದು ಮಾತ್ರ ಒಂದೇ ಸಲಕ್ಕೆ ಅರ್ಥವಾಗಿತ್ತು.

ಎಡಗಡೆಯ ಮೋಟರಿನ ಕಂಟ್ರೋಲರು, ಅಂದರೆ ಬ್ಯಾಟರಿಯ ಕರೆಂಟನ್ನು ಅಳತೆಮಾಡಿ ಮೋಟರಿಗೆ ಬಡಿಸುವ ಅಂಗೈಯಗಲದ ಪೆಟ್ಟಿಗೆ, ಹಿಂದಿನ ಸಂಜೆ ಸುಟ್ಟುಹೋಗಿ ಹೊಸದನ್ನು ಹಾಕಿದ್ದರು. ಅದರಿಂದ ಮೋಟರಿಗೆ ಹೋಗುವುದು ಎರಡು ತಂತಿ, ಒಂದು ಕೆಂಪು, ಒಂದು ಕಪ್ಪು. ಅವು ಅದಲುಬದಲಾದರೆ ಚಕ್ರ ಹಿಂದಕ್ಕೆ ತಿರುಗುತ್ತದೆ. ಇನ್ನೊಮ್ಮೆ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಯಾರಿಗಾದರೂ ಗೊತ್ತಾಗುವ ವಿಷಯ. ತೊಂದರೆಯೆಂದರೆ, ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು.

ತಂತಿರಾಯ ಕಂಟ್ರೋಲರಿನ ಬಳಿ ತಂತಿಗಳನ್ನು ಬದಲಿಸಿದ. ಅದೇ ಹೊತ್ತಿಗೆ ಮೇಜಿನ ಆಚೆ ಬದಿಯಲ್ಲಿ ಕ್ಯಾಪ್ಟನ್, ಇವನಿಗೇಕೆ ಶ್ರಮ ಎಂದು, ಅವೇ ತಂತಿಗಳನ್ನು ಮೋಟರಿನ ಬಳಿ ಬದಲಿಸಿದ.

ಬಟನ್ ಒತ್ತಿದರು. ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ. ರೋಬೋಟು ತನ್ನ ಬಾಲ ತಾನೇ ಹಿಡಿಯಹೊರಟ ನಾಯಿಯಂತೆ ನಿಂತಲ್ಲೇ ಗಿರಗಿರ ತಿರುಗಿತು.

"ಬದಲಾಯಿಸಿದ್ಯೇನೋ?" ಎಂದ ಕ್ಯಾಪ್ಟನ್.

"ಬದಲಾಯಿಸ್ದೆ."

"ಮತ್ತೆ?"

"ಅದೇ ಗೊತ್ತಾಗ್ತಿಲ್ಲ ಮಾರಾಯ."

ತಾನು ಮಾಡಿದ್ದು ಹೇಳಿಕೊಳ್ಳುವಂಥ ದೊಡ್ಡ ಕೆಲಸವೆಂದು ಕ್ಯಾಪ್ಟನ್ನಿಗೆ ಅನ್ನಿಸಲಿಲ್ಲ.

ತಂತಿರಾಯ ಮೀಟರು ಹಿಡಿದು ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡಿದ. ಎಲ್ಲವೂ ಸರಿಯಾಗಿತ್ತು, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಪಕ್ಕದ ಮೇಜಿನವನು ಬಂದು ಬಗ್ಗಿ ನೋಡಿ, ಸಾವಿನ ಮನೆಗೆ ಬಂದವನ ಹಾಗೆ ನಾಲಿಗೆ ಲೊಚಗುಟ್ಟಿದ. "ಕಂಟ್ರೋಲರ್ರೇ ಹೋಗಿರ್ಬೇಕು. ನಮ್ದೂ ಹೋದ ವರ್ಷ ಹಿಂಗೇ ಶುರುವಾಗಿ ಹೊಗೆ ಬಂತು," ಎಂದು ಸಮಾಧಾನ ಹೇಳಿ ಹೋದ. ತಂಡದ ಮೇಷ್ಟ್ರು ಮೃದು ಮನುಷ್ಯ. "ಸ್ವಲ್ಪ ಹೊತ್ತು ಆಫ್ ಮಾಡಿ ಇಡ್ರಪ್ಪ, ಅದಕ್ಕೂ ದಣಿವಾಗಿರುತ್ತೆ," ಎಂದರು.

ಕೊನೆಗೆ ತಂತಿರಾಯ ದೇವರ ಮೇಲೆ ಭಾರ ಹಾಕಿ ತಂತಿಗಳನ್ನು ಮತ್ತೆ ಅದಲುಬದಲು ಮಾಡಿದ. ದೇವರು ಒಪ್ಪಿಯೂ ಇದ್ದ. ಅಷ್ಟರಲ್ಲಿ ಪ್ರೋಗ್ರಾಂ ಬರೆಯುವ ಹುಡುಗಿ, ಎಲ್ಲರೂ ಕೋಡಕ್ಕ ಎನ್ನುವವಳು, ಲ್ಯಾಪ್‌ಟಾಪಿನಲ್ಲಿ ಎಡಚಕ್ರದ ಮುಂದೆ ದಿಕ್ಕು ಉಲ್ಟಾ ಮಾಡುವ ಒಂದು ಮೈನಸ್ ಚಿಹ್ನೆ ಹಾಕಿ ರೋಬೋಟಿಗೆ ಕಳಿಸಿಬಿಟ್ಟಿದ್ದಳು.

ರೋಬೋಟು ಮತ್ತೆ ಗಿರಗಿರ ತಿರುಗಿತು.

"ಅಯ್ಯೋ, ನಾನು ಮೈನಸ್ ಹಾಕಿದ್ದೆನಲ್ಲ!" ಎಂದಳು ಕೋಡಕ್ಕ.

"ನೀನ್ಯಾಕೆ ಹಾಕ್ದೆ? ನಾನು ಆಗ್ಲೇ ಮೋಟರ್ ಹತ್ರ ಬದಲಾಯಿಸಿದ್ದೆ," ಎಂದ ಕ್ಯಾಪ್ಟನ್.

ತಂತಿರಾಯ ಮೇಜಿನಡಿಯಿಂದ ತಲೆ ಹೊರಗೆ ಹಾಕಿದ. ಅಳು ಬರುವ ಹಾಗಿತ್ತು ಮುಖ. "ಒಬ್ರು ಮಾಡಿದ್ರೆ ಸರಿಹೋಗೋ ಕೆಲ್ಸಾನ ಇಬ್ಬಿಬ್ರು ಮಾಡ್ತೀರಲ್ರೋ! ದಮ್ಮಯ್ಯ, ಯಾರೂ ಮುಟ್ಬೇಡಿ. ನಾನೊಬ್ನೇ, ಒಂದೇ ಒಂದ್ಸಲ..."

ಅವನು ಸ್ಕ್ರೂಡ್ರೈವರು ಎತ್ತಿಕೊಂಡ. ಅಷ್ಟರಲ್ಲಿ, ಸ್ಪರ್ಧೆಗೆ ಮೊದಲು ರೋಬೋಟುಗಳನ್ನು ಪರೀಕ್ಷಿಸುವ ತಪಾಸಣೆಯವರು ಬಂದು ನಿಂತರು.

"ಎಲ್ಲಿ, ನೇರ ಓಡ್ಸಿ ತೋರ್ಸಿ," ಎಂದರು ತಪಾಸಣೆಯವರು.

ರಿಮೋಟಿನಲ್ಲಿ ಎರಡು ಕಡ್ಡಿ, ಒಂದೊಂದು ಚಕ್ರಕ್ಕೆ ಒಂದೊಂದು. ತಂತಿರಾಯ ರಿಮೋಟು ಎತ್ತಿಕೊಂಡ. ಬಲಗಡ್ಡಿಯನ್ನು ಮುಂದಕ್ಕೆ ತಳ್ಳಿದ. ಎಡಗಡ್ಡಿಯನ್ನು ಹಿಂದಕ್ಕೆ ಎಳೆದ. ರೋಬೋಟು ಗೆರೆ ಹೊಡೆದಂತೆ ನೇರ ಹೋಯಿತು. ತಪಾಸಣೆಯವರು ತಲೆದೂಗಿ, ತಂತಿಯ ಪೆಟ್ಟಿಗೆಗೆ ಚೀಟಿ ಅಂಟಿಸಿ ಸೀಲು ಮಾಡಿದರು. "ಇನ್ನು ಇದನ್ನ ತೆಗೆದ್ರೆ ನಿಮ್ಮ ತಂಡ ಔಟು."

ಅವರ ಬೆನ್ನು ತಿರುಗಿದ್ದೇ ಕೋಡಕ್ಕ ಪಿಸುಗುಟ್ಟಿದಳು. "ಪ್ರೋಗ್ರಾಂಗೆ ಸೀಲಿಲ್ಲ. ನಾನು ಆ ಮೈನಸ್ ತೆಗೆದ್ಬಿಟ್ರೆ..."

"ಮುಟ್ಟಿದ್ರೆ ನೋಡು!" ಕ್ಯಾಪ್ಟನ್ ಲ್ಯಾಪ್‌ಟಾಪು ಕಿತ್ತುಕೊಂಡ. "ಬೆಳಿಗ್ಗೆಯಿಂದ ಸರಿ ಮಾಡಿದ್ದು ಸಾಕು. ಇವನು ಉಲ್ಟಾ ಎಳೆದ್ರೆ ಅದು ನೆಟ್ಟಗೆ ಓಡ್ತಿದೆ. ಹಂಗೇ ಓಡ್ಲಿ. ಸರ್, ಇದು ಸಂಜೆವರ್ಗೂ ನಿಮ್ಮ ಹತ್ರಾನೇ ಇರ್ಲಿ. ಯಾರು ಕೇಳಿದ್ರೂ ಕೊಡ್ಬೇಡಿ."

"ಯಾರಿಗೂ ಕೊಡಲ್ಲಪ್ಪ," ಎಂದು ಮೇಷ್ಟ್ರು ಅದನ್ನು ಎದೆಗವಚಿಕೊಂಡರು.

ತಂತಿರಾಯ ರೋಬೋಟನ್ನು ಹೊರಗಿನ ಪಡಸಾಲೆಗೆ ಒಯ್ದು ಅಭ್ಯಾಸಕ್ಕೆ ನಿಂತ. ಮೊದಮೊದಲು ಗೋಡೆಗೆ, ಕಂಬಕ್ಕೆ, ಹಾದುಹೋಗುತ್ತಿದ್ದ ಒಬ್ಬ ತೀರ್ಪುಗಾರರ ಕಾಲಿಗೆ ಬಡಿಯಿತು. ಪದ್ಯವನ್ನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಒಪ್ಪಿಸಲು ಕಲಿಸುವವನಂತೆ ಅವನು ಎಡಹೆಬ್ಬೆರಳಿಗೆ ಹೇಳಿಕೊಟ್ಟದ್ದನ್ನೇ ಹೇಳಿಕೊಟ್ಟ. ಮುಂದೆ ಅಂದರೆ ಹಿಂದೆ, ಹಿಂದೆ ಅಂದರೆ ಮುಂದೆ. ಕೊನೆಕೊನೆಗೆ ಮನಸ್ಸು ಹೇಳುವ ಮೊದಲೇ ಬೆರಳು ಹೋಗುತ್ತಿತ್ತು. ರೋಬೋಟು ಕಂಬಗಳ ನಡುವೆ ನೀರಿನ ಹಾಗೆ ಹರಿಯಿತು.

"ಭೇಷ್ ಕಣೋ! ನೀನು ಹುಟ್ಟಿದ್ದೇ ಓಡ್ಸೋದಕ್ಕೆ," ಎಂದ ಕ್ಯಾಪ್ಟನ್.

ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ರೋಬೋಟನ್ನು ಮೇಷ್ಟ್ರ ಕಾವಲಿಗೆ ಬಿಟ್ಟು ಊಟಕ್ಕೆ ಹೋದರೆ, ತಟ್ಟೆಯ ಅಂಚಿನ ಮೇಲೂ ಅವನ ಎಡಹೆಬ್ಬೆರಳು ಹಿಂದಕ್ಕೆ ಎಳೆಯುತ್ತಲೇ ಇತ್ತು.

ಸ್ಪರ್ಧೆ ಸುಲಭದ್ದು. ಅಂಕಣದ ಈ ತುದಿಯ ಡಬ್ಬಿಗಳನ್ನು ಆ ತುದಿಗೆ ದಬ್ಬಬೇಕು. ಒಂದೊಂದು ತಂಡಕ್ಕೆ ಎರಡೆರಡು ಸರದಿ. ತಂತಿರಾಯ ತಂಡದ ಬೂದು ಅಂಗಿ, ಟೋಪಿ ತೊಟ್ಟು ರಿಮೋಟು ಹಿಡಿದು ನಿಂತ. ಅಮ್ಮ ಎಲ್ಲೋ ಮೇಲಿನ ಸಾಲಿನಲ್ಲಿರಬೇಕು. ಶಿಳ್ಳೆ ಕೇಳಿತು. ಬಲಗಡ್ಡಿ ಮುಂದಕ್ಕೆ, ಎಡಗಡ್ಡಿ ಹಿಂದಕ್ಕೆ.

ರೋಬೋಟು ಬುಗುರಿಯಂತೆ ತಿರುಗಿತು. ಡಬ್ಬಿಗಳು ದಿಕ್ಕಾಪಾಲಾಗಿ ಹಾರಿದವು. ಒಂದು ತೀರ್ಪುಗಾರರ ಮೇಜಿನ ಮೇಲೆ ಹೋಗಿ ಕೂತಿತು.

"ಎಡಗಡ್ಡಿ ಮುಂದಕ್ಕೆ ತಳ್ಳೋ!" ಎಂದು ಕ್ಯಾಪ್ಟನ್ ಕೂಗಿದ. ತಂತಿರಾಯ ತಳ್ಳಿದ. ರೋಬೋಟು ಎರಡು ಗೇಣು ನೇರ ಹೋಯಿತು. ಅಷ್ಟರಲ್ಲಿ ಬೆರಳಿಗೆ ತನ್ನ ಪಾಠ ನೆನಪಾಗಿ ಹಿಂದಕ್ಕೆ ಬಂತು. ಮತ್ತೆ ತಳ್ಳಿದ, ಮತ್ತೆ ಬಂತು. ಹೊತ್ತು ಮುಗಿದ ಗಂಟೆ ಹೊಡೆದಾಗಲೂ ರೋಬೋಟು ತಿರುಗುತ್ತಲೇ ಇತ್ತು.

ಮೇಷ್ಟ್ರು ಗಾಬರಿಯಿಂದ ಎದ್ದು ಬಂದರು. "ಯಾಕಪ್ಪ ಹೀಗಾಯ್ತು? ನಾನು ಸರಿ ಮಾಡಿದ್ನಲ್ಲ!"

"ಏನ್ ಸರಿ ಮಾಡಿದ್ರಿ ಸರ್?" ಕ್ಯಾಪ್ಟನ್ನಿನ ದನಿ ಇಳಿದಿತ್ತು.

"ಆ ಮೈನಸ್ ತೆಗೆದೆ. ನೀವು ಊಟಕ್ಕೆ ಹೋದಾಗ. ಪಾಪ, ಹುಡುಗ ಉಲ್ಟಾ ಬೆರಳಲ್ಲಿ ಒದ್ದಾಡ್ತಿದ್ದ, ನೋಡಕ್ಕಾಗ್ಲಿಲ್ಲ. ಹೇಳೋಣ ಅಂದ್ಕೊಳ್ಳೋ ಅಷ್ಟರಲ್ಲಿ ನಿಮ್ಮನ್ನ ಕರೆದ್ಬಿಟ್ರು." ಅವರ ಕಣ್ಣಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ.

"ಈಗ ಗೊತ್ತಾಯ್ತಲ್ಲ ಕ್ಯಾಪ್ಟನ್," ಎಂದ ತಂತಿರಾಯ. "ಎರಡನೇ ಸರದೀಲಿ ನಾನು..."

"ನಿಂಗೆ ಗೊತ್ತಾಯ್ತು. ನಿನ್ನ ಬೆರಳಿಗೆ ಯಾರು ಹೇಳ್ತಾರೆ?" ಕ್ಯಾಪ್ಟನ್ ರಿಮೋಟು ತೆಗೆದುಕೊಂಡ.

ಎರಡನೆಯ ಸರದಿಯಲ್ಲಿ ರೋಬೋಟು ಬಾಣದಂತೆ ಹೋಗಿ ಡಬ್ಬಿಗಳನ್ನೆಲ್ಲ ಸಾಲಾಗಿ ಆಚೆ ದಡ ಮುಟ್ಟಿಸಿತು. ಚಪ್ಪಾಳೆ ಬಿತ್ತು. "ಅಯ್ಯೋ, ರೋಬೋಟಲ್ಲಿ ಏನೂ ದೋಷ ಇರ್ಲಿಲ್ಲ, ಓಡಿಸೋನಲ್ಲೇ ಇದ್ದಿದ್ದು," ಎಂದು ಪಕ್ಕದ ಮೇಜಿನವನು ತೀರ್ಮಾನ ಕೊಟ್ಟ. ತಂತಿರಾಯ ಮೇಜಿನಡಿಗೆ ಹೋಗಿ ಕೂತ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಹುಡುಕಿಕೊಂಡು ಬಂದಳು. ಮೆಟ್ಟಿಲಿಳಿದ ಏದುಸಿರು, ಮುಖದ ತುಂಬ ನಗು.

"ಎಲ್ರೂ ಒಂದೇ ಥರ ಅಂಗಿ, ಒಂದೇ ಥರ ಟೋಪಿ! ಮೇಲಿಂದ ನನ್ನ ಕಣ್ಣಿಗೆ ಗೊತ್ತಾಗ್ಬೇಕಲ್ಲೋ. ಎರಡು ಸಲ ಬಿಟ್ರಲ್ಲ, ನೀನು ಓಡಿಸಿದ್ದು ಯಾವ್ದು ಮಗಾ?"

ತಂತಿರಾಯ ಸುತ್ತ ನೋಡಿದ. ಕ್ಯಾಪ್ಟನ್ ದೂರದಲ್ಲಿ ಪಟಕ್ಕೆ ನಿಂತಿದ್ದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

"ಎರಡನೇದಮ್ಮ," ಎಂದ.

ಅಮ್ಮನ ನಗು ಒಂದಿಷ್ಟು ತಗ್ಗಿತು. "ಹೌದಾ... ಅದೂ ಚೆನ್ನಾಗೇ ಇತ್ತು ಬಿಡು."

"ಅದೂ?"

"ಅದು ಸುಮ್ನೆ ಹೋಯ್ತು, ಬಂತು. ಮೊದಲನೇದು ಇತ್ತಲ್ಲ ಮಗಾ, ಅಬ್ಬಬ್ಬಾ! ಏನ್ ಸುತ್ತು, ಏನ್ ಕುಣಿತ! ಆ ಡಬ್ಬಿಗಳನ್ನ ಹೂ ಚೆಲ್ಲಿದ ಹಾಗೆ ಚೆಲ್ತಲ್ಲ! ನನ್ನ ಪಕ್ಕದೋರೆಲ್ಲ ಎದ್ದು ನಿಂತ್ಕೊಂಡ್ಬಿಟ್ರು. ಓಡಿಸಿದ ಹುಡುಗ ಯಾರೋ, ಹೆತ್ತವಳು ಪುಣ್ಯ ಮಾಡಿರ್ಬೇಕು." ಅವಳು ಅವನ ಬೆನ್ನು ಸವರಿದಳು. "ನೀನೂ ಅವನ ಹತ್ರ ಕಲ್ತ್ಕೋಬಹುದಿತ್ತು."

ತಂತಿರಾಯ ಹೇಳಲು ಬಾಯಿ ತೆರೆದ. ಆಮೇಲೆ ಮುಚ್ಚಿದ. ಆ ದಿನ ಇನ್ನೊಂದು ತಿದ್ದುಪಡಿ ಮಾಡುವ ಧೈರ್ಯ ಅವನಿಗಿರಲಿಲ್ಲ.