ಬೋಳುಗುಡ್ಡಕ್ಕೆ ದಾರಿ ಕೇಳಿದ್ದು

ನಮ್ಮ ಮನೆಯಲ್ಲಿ ಕೆಲಸ ಒಂದು ಹೊತ್ತಿನದಾದರೆ ಅದರ ತಯಾರಿ ಒಂದು ತಿಂಗಳದು. ಕಡೂರಿಗೆ ಹೋಗಿ ಒಂದು ಜೊತೆ ಚಪ್ಪಲಿ ತರುವುದಕ್ಕೂ ಮೂರು ದಿನ ಮಾತಾಡುತ್ತೇವೆ, ನಾಲ್ಕನೇ ದಿನ ಹೋದರೆ ಅಂಗಡಿಗೆ ರಜೆ ಇರುತ್ತದೆ. ಇಂಥವರು ಹೋದ ಚಳಿಗಾಲದಲ್ಲಿ ದಾರಿಯೇ ಇಲ್ಲದ ಗುಡ್ಡ ಹತ್ತುತ್ತೇವೆ ಎಂದು ಹೊರಟರೆ ಏನೇನಾಗಬೇಕೋ ಅದೆಲ್ಲ ಆಯಿತು.

ಮೂರು ಹುಲಿ, ಹದಿನೈದು ಕುರಿ

ನಮ್ಮೂರು ಯಗಟಿಗೆ ಹತ್ತಿರ. ಊರ ಹಿಂದೆ ಬೋಳುಗುಡ್ಡ. ನೆತ್ತಿಯ ಮೇಲೆ ಬರೀ ಬಂಡೆ, ಸುತ್ತ ಮುಳ್ಳು ಮತ್ತು ಲಂಟಾನ. ಕುರಿಯವರೂ ಅತ್ತ ಹೋಗುವುದು ಬಿಟ್ಟು ಎಷ್ಟೋ ವರ್ಷವಾಯಿತು. ಕಾಲುದಾರಿ ಇತ್ತು ಅನ್ನುವುದಕ್ಕೆ ಗುರುತೂ ಉಳಿದಿಲ್ಲ.

ನಮ್ಮತ್ತೆಯ ತವರೂ ಇದೇ ಊರು. ಹುಡುಗಿಯಾಗಿದ್ದಾಗ ಅಣ್ಣನ ಜೊತೆ ಕುರಿ ಹೊಡೆದುಕೊಂಡು ಗುಡ್ಡದ ತುದಿಗೆ ಹೋಗುತ್ತಿದ್ದರಂತೆ. ಅಲ್ಲೊಂದು ಬಂಡೆಯ ಮೇಲೆ ಅಣ್ಣ ಹುಲಿ-ಕುರಿ ಆಟದ ಮನೆ ಕೊರೆದಿದ್ದರಂತೆ. ಆ ಆಟವನ್ನು ಅತ್ತೆ ಈಗಲೂ ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನ್ನ ಮಗಳ ಜೊತೆ ಆಡುತ್ತಾರೆ. ಹುಲಿಗೆ ಮೂರು ಅಡಿಕೆ, ಕುರಿಗೆ ಹದಿನೈದು ಹುಣಸೆಬೀಜ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಹುಲಿಗೆ ಅಲ್ಲಾಡಲು ಜಾಗವಿಲ್ಲದ ಹಾಗೆ ಕಟ್ಟಿಹಾಕಬೇಕು. ಅತ್ತೆ ಯಾವಾಗಲೂ ಹುಲಿ. ಇನ್ನೇನು ಕಟ್ಟಿದೆವು ಅನ್ನುವಷ್ಟರಲ್ಲಿ ಹುಲಿ ಎಡಮೂಲೆಯ ಒಂದು ಅಡ್ಡಗೆರೆಯಲ್ಲಿ ಜಾರಿ ಹೊರಗೆ ಬಂದಿರುತ್ತದೆ. ಆ ಗೆರೆ ಬೇರೆ ಯಾರ ಮನೆಯ ಆಟದಲ್ಲೂ ಇಲ್ಲ.

'ಅಜ್ಜಿ, ಈ ಗೆರೆ ಎಲ್ಲಿಂದ ಬಂತು?' ಎಂದರೆ, 'ಗುಡ್ಡದ ಮೇಲೆ ಹಿಂಗೇ ಐತೆ ಕಣೇ, ಬೇಕಾದ್ರೆ ಹೋಗಿ ನೋಡ್ಕಂಡು ಬಾ' ಅನ್ನುತ್ತಾರೆ. ಯಾರೂ ಹೋಗಲಾಗದ ಜಾಗವನ್ನು ಸಾಕ್ಷಿಗೆ ಕರೆಯುವುದು ಒಳ್ಳೆಯ ಉಪಾಯವೇ.

ಎರಡನೇ ಕ್ಲಾಸಿನ ನನ್ನ ಮಗಳು ಇದನ್ನೆಲ್ಲ ಶಾಲೆಯಲ್ಲಿ ಹೇಳಿದಳು. ಮಕ್ಕಳೆಲ್ಲ ನಕ್ಕರು. 'ಬೋಳುಗುಡ್ಡದ ಮೇಲೆ ಯಾರೂ ಹೋಗೋಕಾಗಲ್ಲ, ನಿಮ್ಮಜ್ಜಿ ಬುರುಡೆ ಬಿಡ್ತಾರೆ' ಅಂದರಂತೆ. ಮಗಳು ಅಳುತ್ತ ಬಂದು ಎಲ್ಲರೆದುರೇ ಕೇಳಿಬಿಟ್ಟಳು. 'ಅಜ್ಜಿ, ನೀನು ಹೇಳಿದ್ದು ಸುಳ್ಳಾ?'

ಅತ್ತೆ ಅವತ್ತಿನಿಂದ ಜಗಲಿಯ ಮೇಲೆ ಆಟದ ಮನೆ ಬರೆಯಲಿಲ್ಲ, ಊಟಕ್ಕೆ ಕೂತಾಗ ಕಥೆಯನ್ನೂ ಹೇಳಲಿಲ್ಲ. ಅವರು ಸುಮ್ಮನಿದ್ದರೆ ಸಾಕು ಎಂದು ಏಳೆಂಟು ವರ್ಷದಿಂದ ಹರಕೆ ಹೊತ್ತವಳು ನಾನು. ಸುಮ್ಮನಾದ ಮೂರನೇ ದಿನಕ್ಕೆ ನನಗೇ ಅನ್ನ ಇಳಿಯಲಿಲ್ಲ. ನಾನೇ ಗಂಡನಿಗೆ ಹೇಳಿದೆ. 'ರೀ, ಆ ಗುಡ್ಡ ಹತ್ತೋಣ. ಇಲ್ಲಾಂದ್ರೆ ಈ ಮನೇಲಿ ನನ್ನ ಜೊತೆ ಜಗಳಕ್ಕೂ ಯಾರೂ ಇರಲ್ಲ.'

ಬೋಳಿಗೊಂದು ಸಲೂನು

ನನ್ನ ಗಂಡನಿಗೆ ಕಡೂರು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಜಗತ್ತಿನಲ್ಲಿ ಏನು ಕಳೆದರೂ ಫೋನಿನಲ್ಲಿ ಸಿಗುತ್ತದೆ ಎಂದು ನಂಬಿದವರು. ಗುಡ್ಡ ಅಂದ ತಕ್ಷಣ ಮ್ಯಾಪು ತೆಗೆದರು.

ನಮ್ಮೂರು ಬಂತು, ಕೆರೆ ಬಂತು. ಗುಡ್ಡದ ನೆತ್ತಿಯ ಮೇಲೆ ಬೆರಳಿಟ್ಟರೆ ಅಲ್ಲೊಂದು ಕೆಂಪು ಗುರುತು. ಕೆಳಗೆ 'ಹೇರ್ ಕಟಿಂಗ್ ಸಲೂನ್, ಈಗ ತೆರೆದಿದೆ' ಎಂದು ಬರೆದಿತ್ತು. ಯಾವನೋ ತನ್ನ ಅಂಗಡಿಯನ್ನು ತಪ್ಪು ಜಾಗಕ್ಕೆ ಅಂಟಿಸಿದ್ದ. ದಾರಿ ತೋರಿಸು ಎಂದರೆ ಫೋನು ಬಹಳ ಹೊತ್ತು ಯೋಚಿಸಿ, ಕೆರೆಯ ನೀರೊಳಗೇ ಒಂದು ಗೆರೆ ಎಳೆಯಿತು.

'ಅವ್ವ, ಗುಡ್ಡದ ಮೇಲೆ ಸಲೂನ್ ಐತಂತೆ' ಎಂದರು ಇವರು.

ಮೂರು ದಿನದಿಂದ ಬಾಯಿ ಬಿಡದಿದ್ದ ಅತ್ತೆ ಗೋಡೆ ಕಡೆ ತಿರುಗಿಕೊಂಡೇ ಹೇಳಿದರು. 'ಆಗ್ಲೇ ಬೋಳಾಗಿರೋದಕ್ಕೆ ಕಟಿಂಗ್ ಏನು ಮಾಡ್ತಾನಪ್ಪ ಅವ್ನು?'

ಒಂದು ಎಲೆಅಡಿಕೆ ದೂರ

ಬಾಯಿ ತೆರೆದದ್ದೇ ಒಳ್ಳೆಯ ಹೊತ್ತು ಎಂದು ನಾನು ನೋಟ್ ಪುಸ್ತಕ ಹಿಡಿದು ಅತ್ತೆಯ ಮುಂದೆ ಕೂತೆ. ದಾರಿ ಹೇಳಿ ಅಂದೆ.

'ಕೆರೆ ಏರಿ ಮುಗಿದ ಮೇಲೆ ಒಂದು ಎಲೆಅಡಿಕೆ ದೂರ ಹೋದ್ರೆ ಆನೆಬೆನ್ನು ಬಂಡೆ. ಅಲ್ಲಿಂದ ಎಡಕ್ಕೆ ಎರಡು ಎಲೆಅಡಿಕೆ ಹೋದ್ರೆ ದೊಣೆ, ಬಂಡೆ ಸಂದೀಲಿ ನೀರು ನಿಲ್ಲೋ ಗುಂಡಿ. ಅಲ್ಲಿಂದಾಚೆಗೆ ನಂಗೆ ಗೊತ್ತಿಲ್ಲ, ಅಣ್ಣನ ಬೆನ್ನು ನೋಡ್ಕಂಡು ಹೋಗ್ತಿದ್ದೆ.'

ಒಂದು ಸಲ ಎಲೆಅಡಿಕೆ ಹಾಕಿ ಉಗುಳುವಷ್ಟರಲ್ಲಿ ಎಷ್ಟು ನಡೆಯುತ್ತೀವೋ ಅಷ್ಟು ದೂರ. ಅದೆಷ್ಟು ನಿಮಿಷ ಎಂದು ಅತ್ತೆಗೂ ಗೊತ್ತಿಲ್ಲ, ಅದು ಅವರ ಅಪ್ಪನ ಅಳತೆ. ಗಂಡ ಲೆಕ್ಕ ಹಾಕಲು ಕೂತರು. ಅತ್ತೆಗೆ ಎಲೆಅಡಿಕೆ ಕೊಟ್ಟು, ಫೋನಿನಲ್ಲಿ ಗಡಿಯಾರ ಒತ್ತಿ, 'ಅಗಿ ಅವ್ವ' ಅಂದರು.

ಮೊದಲ ಸಲ ಹನ್ನೆರಡು ನಿಮಿಷ. ಸರಿಯಾಗಿದೆಯೇ ನೋಡಲು ಇನ್ನೊಂದು ಸಲ ಹಾಕಿಸಿದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ತನ್ನ ನಾದಿನಿಯ ಸುದ್ದಿ ತೆಗೆದಳು. ಆ ಎಲೆ ನಲವತ್ತೇಳು ನಿಮಿಷಕ್ಕೂ ಮುಗಿಯಲಿಲ್ಲ.

ಗಂಡ ತಲೆ ಮೇಲೆ ಕೈ ಹೊತ್ತು ಕೇಳಿದರು. 'ಈಗ ಯಾವುದನ್ನ ಬರ್ಕೊಳ್ಳಲಿ?'

'ಎರಡನ್ನೂ ಬರ್ಕೊಳ್ರಿ' ಎಂದೆ. 'ನಾವು ಹೋಗೋ ದಿನ ಆಕೆ ದಾರೀಲಿ ಸಿಗದಿದ್ರೆ ಹನ್ನೆರಡು, ಸಿಕ್ಕಿದ್ರೆ ಬುತ್ತಿ ಜಾಸ್ತಿ ಕಟ್ಕೊಂಡು ಹೋಗೋಣ.'

ಅರ್ಜಿ

ಗುಡ್ಡ ಅರಣ್ಯದವರಿಗೆ ಸೇರಿದ್ದು, ಕೇಳದೆ ಹತ್ತಬಾರದು ಅಂದರು ಊರವರು. ನಮ್ಮ ಮನೆಯಲ್ಲಿ ಅರ್ಜಿ ಬರೆಯುವವಳು ನಾನೇ. ಓದಿದ್ದು ಹತ್ತನೇ ಕ್ಲಾಸೇ ಆದರೂ ಪತ್ರಲೇಖನದಲ್ಲಿ ಐದಕ್ಕೆ ಐದು ತೆಗೆದವಳು. ವಿಷಯ ಎಂಬ ಕಡೆ ಇದ್ದದ್ದು ಇದ್ದ ಹಾಗೆ ಬರೆದೆ: 'ನಮ್ಮ ಅತ್ತೆಯವರು ಹೇಳಿದ್ದು ನಿಜವೆಂದು ಕಣ್ಣಾರೆ ನೋಡಿ ಬರುವ ಬಗ್ಗೆ.'

ಗಾರ್ಡ್ ಅದನ್ನು ಎರಡು ಸಲ ಓದಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು.

'ಅಮ್ಮ, ಗುಡ್ಡ ಹತ್ತಿ, ಬೇಡ ಅನ್ನಲ್ಲ. ಬೆಂಕಿ ಹಾಕಬೇಡಿ, ಪ್ಲಾಸ್ಟಿಕ್ ಬಿಡಬೇಡಿ, ಕತ್ತಲಾಗೋದ್ರೊಳಗೆ ಇಳೀರಿ. ಆದ್ರೆ ಈ ವಿಷಯ ಒಂದು ಬದಲಾಯಿಸಿ ಬರ್ಕೊಡಿ.'

'ಯಾಕೆ ಸಾರ್, ಸುಳ್ಳು ಬರೀಲಾ?'

'ಸುಳ್ಳು ಬೇಡಮ್ಮ. ಅತ್ತೆ ಹೇಳಿದ್ದು ನಿಜವೋ ಅಲ್ವೋ ನೋಡೋಕೆ ಅಂತ ಪರ್ಮಿಷನ್ ಕೊಟ್ಟೆ ಅಂದ್ರೆ, ನಾಳೆಯಿಂದ ತಾಲ್ಲೂಕಿನ ಸೊಸೆಯರೆಲ್ಲ ನನ್ನ ಗುಡ್ಡದ ಮೇಲೇ ಇರ್ತಾರೆ.'

ದೊಡ್ಡಮಾವನ ಬೆನ್ನು

ದೊಣೆಯಿಂದ ಮೇಲಕ್ಕೆ ದಾರಿ ಬೇಕಲ್ಲ. ಅತ್ತೆಯ ಆ ಅಣ್ಣ ಈಗ ಅಜ್ಜಂಪುರದ ಹತ್ತಿರ ಈರುಳ್ಳಿ ಬೆಳೆದುಕೊಂಡು ಇದ್ದಾರೆ. ನಾವು ಅವರನ್ನು ದೊಡ್ಡಮಾವ ಅನ್ನುತ್ತೇವೆ. ಎಪ್ಪತ್ತರ ಹತ್ತಿರ ವಯಸ್ಸು, ಬೆತ್ತದ ಹಾಗೆ ದೇಹ. ಫೋನು ಮಾಡಿದ ಮರುದಿನವೇ ಬಸ್ಸಿಳಿದು ಬಂದರು.

'ದೊಣೆಯಿಂದ ನೆತ್ತಿಗೆ ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ' ಅಂದರು.

'ಅಷ್ಟು ಚೆನ್ನಾಗಿ ಹೆಂಗೆ ದೊಡ್ಡಮಾವ?'

'ಆಟದಲ್ಲಿ ಸೋತೋರು ದೊಣೆಗಿಳಿದು ನೀರು ತರಬೇಕು ಅಂತ ಕಟ್ಟು ಮಾಡ್ಕಂಡಿದ್ವಿ ಕಣಮ್ಮ. ಮೊದಲ ನಾಕು ದಿನ ನಾನೇ ಗೆದ್ದೆ. ಆಮೇಲೇನೋ ಗ್ರಹಚಾರ, ಕುರಿ ಕಾಯೋದು ಬಿಡೋವರೆಗೂ ಒಂದು ದಿನಾನೂ ಗೆಲ್ಲಲಿಲ್ಲ. ಬಿಸಿಲಲ್ಲಿ ಇಳಿಯೋದು, ಹತ್ತೋದು. ನಿಮ್ಮತ್ತೆ ತಲೆಯೇ ತಲೆ.'

ಅತ್ತೆ ಒಳಗೆ ರೊಟ್ಟಿ ತಟ್ಟುತ್ತಿದ್ದರು. ತಟ್ಟುವ ಸದ್ದು ಸ್ವಲ್ಪ ಜೋರಾಯಿತು.

ಮಂಡಿನೋವಿನಿಂದ ಅವರಿಗೆ ಬಚ್ಚಲಿನ ಮೆಟ್ಟಿಲೇ ಕಷ್ಟ. ಹೊರಡುವ ಬೆಳಿಗ್ಗೆ ಬಾಗಿಲವರೆಗೆ ಬಂದು, ಮೊಮ್ಮಗಳ ಹಣೆಗೆ ವಿಭೂತಿ ಇಟ್ಟು, ಅವಳ ಕೈಗೊಂದು ಬಟ್ಟೆಯ ಗಂಟು ಕೊಟ್ಟರು. ಮೂರು ಅಡಿಕೆ, ಹದಿನೈದು ಹುಣಸೆಬೀಜ. ಇನ್ನು ನಾಲ್ಕು ಜನರಿಗೆ ನಲವತ್ತು ರೊಟ್ಟಿ. ಇದೆಲ್ಲ ತಿಂದರೆ ನಾವು ಇಳಿಯುವುದಿಲ್ಲ ಅತ್ತೆ, ಉರುಳುತ್ತೇವೆ ಅಂದೆ. 'ಉರುಳಿದ್ರೂ ಮನೆ ಕಡೇಗೇ ಬರ್ತೀಯ ಬಿಡು' ಅಂದರು.

ನೆತ್ತಿಯ ಮೇಲೆ

ದೊಡ್ಡಮಾವ ಕೆರೆ ಏರಿಯ ಮೇಲೆ ಎಲೆಅಡಿಕೆ ಹಾಕಿಕೊಂಡರು. ಉಗುಳಿದ ಜಾಗದಿಂದ ಹತ್ತು ಮಾರಿಗೆ ಆನೆಬೆನ್ನು ಬಂಡೆ ನಿಂತಿತ್ತು. ಇನ್ನೆರಡು ಹಾಕಿದರು, ದೊಣೆ ಸಿಕ್ಕಿತು. ನನ್ನ ಗಂಡನ ಫೋನು ಅಷ್ಟರಲ್ಲಿ ಚಾರ್ಜ್ ಮುಗಿದು ಸತ್ತಿತ್ತು. ದೊಣೆಯಿಂದಾಚೆ ಬರೀ ಮುಳ್ಳು. ದೊಡ್ಡಮಾವ ಒಂದು ಕಡೆಯೂ ನಿಂತು ಯೋಚಿಸಲಿಲ್ಲ. ಇಲ್ಲಿ ಬಗ್ಗಿ, ಇಲ್ಲಿ ಬಲಕ್ಕೆ, ಈ ಕಲ್ಲು ಅಲ್ಲಾಡುತ್ತೆ ಕಾಲಿಡಬೇಡಿ ಅನ್ನುತ್ತ ಹೋದರು. ಅವರು ಹೇಳಿದ ಕಲ್ಲು ನಿಜಕ್ಕೂ ಅಲ್ಲಾಡಿತು.

ನೆತ್ತಿ ತಲುಪಿದೆವು. ಆಟದ ಮನೆ ಕಾಣಲಿಲ್ಲ.

ಒಂದು ಬಂಡೆ ನೋಡಿದೆವು, ಎರಡು ನೋಡಿದೆವು, ಇಲ್ಲ. ಸುತ್ತ ಒಣಹುಲ್ಲು, ಬಂಡೆಯ ಮೇಲೆಲ್ಲ ಬೂದುಬಣ್ಣದ ಪಾಚಿ. ನನ್ನ ಫೋನು ಹೊಡೆದುಕೊಂಡಿತು, ಅತ್ತೆ. 'ಸಿಕ್ತಾ?'

'ಈಗ ಬಂದ್ವಿ ಅತ್ತೆ.'

ಹತ್ತು ನಿಮಿಷಕ್ಕೆ ಮತ್ತೆ. 'ಸಿಕ್ತಾ?'

'ನೀರು ಕುಡೀತಿದೀವಿ ಅತ್ತೆ.'

ಮೂರನೇ ಸಲ ಹೊಡೆದುಕೊಂಡಾಗ ನಾನು ಎತ್ತಲಿಲ್ಲ. ಮಗಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಏಳೆಂಟು ವರ್ಷದಿಂದ ಅತ್ತೆಯ ಯಾವ ಮಾತು ಸುಳ್ಳಾದರೂ ಖುಷಿಪಟ್ಟವಳು, ಇದೊಂದು ನಿಜವಾಗಲಿ ಎಂದು ಕೇಳಿಕೊಂಡೆ.

ದೊಡ್ಡಮಾವ ಒಂದು ಬಂಡೆಯ ಮುಂದೆ ಕೂತು, ಹೆಗಲ ಟವೆಲ್ಲು ಒದ್ದೆ ಮಾಡಿ ಉಜ್ಜಿದರು. ಒಂದು ಗೆರೆ ಎದ್ದಿತು. ಇನ್ನೊಂದು, ಮತ್ತೊಂದು. ಉಜ್ಜುತ್ತ ಹೋದ ಹಾಗೆ ನಮ್ಮ ಜಗಲಿಯ ಮೇಲಿನ ಮನೆಯೇ ಬಂಡೆಯ ಮೇಲೆ ಬಂತು. ಎಡಮೂಲೆಯ ಆ ಅಡ್ಡಗೆರೆಯೂ ಇತ್ತು.

'ಅಜ್ಜಿ ಹೇಳಿದ್ದು ನಿಜ' ಎಂದಳು ಮಗಳು. ಆಮೇಲೆ ಬಗ್ಗಿ ಬೆರಳಾಡಿಸಿದಳು. 'ಅಜ್ಜ, ಎಲ್ಲ ಗೆರೆ ಆಳಕ್ಕಿವೆ, ಇದೊಂದ್ಯಾಕೆ ತೆಳ್ಳಗಿದೆ?'

ದೊಡ್ಡಮಾವನೂ ಬೆರಳಾಡಿಸಿದರು. ಒಂದು ಸಲ, ಇನ್ನೊಂದು ಸಲ.

'ನಾನು ಕೊರೆದದ್ದು ಅಪ್ಪನ ಉಳೀಲಿ' ಅಂದರು ನಿಧಾನಕ್ಕೆ. 'ಇದು ಕಲ್ಲಲ್ಲಿ ಗೀಚಿರೋದು. ನೀರಿಗೆ ಅಂತ ನಾನು ಕೆಳಗಿಳಿದಿದ್ದಾಗ.' ನನ್ನ ಕಡೆ ಕೈ ಚಾಚಿದರು. 'ಕೊಡಮ್ಮ ಫೋನು.'

ಅತ್ತೆಗೆ ಫೋನು ಮಾಡಿ, ಸ್ಪೀಕರ್ ಹಾಕಿ ಕೊಟ್ಟೆ. ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ಪೆದ್ದಿ ನಾನಲ್ಲ.

'ಏನೇ, ಎಡಮೂಲೇಲಿ ಗೆರೆ ಎಳೆದೋರ್ಯಾರೇ?'

'ಅಣ್ಣ, ಸಿಗ್ನಲ್ ಇಲ್ಲ, ಏನೂ ಕೇಳಿಸ್ತಿಲ್ಲ.'

'ಅಜ್ಜಿ, ಇಲ್ಲಿ ಫುಲ್ ಸಿಗ್ನಲ್ ಇದೆ' ಎಂದಳು ಮಗಳು.

'ನೀನೇ ಎಳೆದು ಮರ್ತಿದೀಯ ಅಂತ ನನ್ನನ್ನ ನಂಬಿಸಿದ್ಯಲ್ಲೇ. ಎಷ್ಟು ಬಿಸಿಲು, ಎಷ್ಟು ಸಲ ಇಳಿದಿದೀನಿ ನಾನು.' ದೊಡ್ಡಮಾವ ಬೈಯುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಲೂ ಇದ್ದರು.

ಅತ್ತೆ ಗಂಟಲು ಸರಿಮಾಡಿಕೊಂಡರು.

'ಆಯ್ತು ಬಿಡಣ್ಣ. ನಾನು ಆ ಗೆರೆ ಎಳೀದೆ ಇದ್ದಿದ್ರೆ, ಇವತ್ತು ನನ್ನ ಮೊಮ್ಮಗಳನ್ನ ಕರ್ಕಂಡು ಹೋಗೋಕೆ ನಿಂಗೆ ದಾರಿ ಎಲ್ಲಿ ಗೊತ್ತಿರ್ತಿತ್ತು?'